ಮೊಟ್ಟೆ ಕಾಣದ ಹಲ್ಲಾ

ಆ ವರ್ಷ ಜೆರುಸಲೇಮಿನಲ್ಲಿ ಪಡಿತರ ಚೀಟಿಯಿಲ್ಲದೆ ಸಿಗುತ್ತಿದ್ದ ಸರಕು ಒಂದೇ: ಸುಳ್ಳು. ಎಣ್ಣೆಗೆ ಚೀಟಿ, ಸಕ್ಕರೆಗೆ ಚೀಟಿ, ಮೊಟ್ಟೆಗಂತೂ ಚೀಟಿ ಇದ್ದರೂ ಮೊಟ್ಟೆ ಇರಲಿಲ್ಲ. ಹಾಗಾಗಿ ಗಡಿಯಾರ ರಿಪೇರಿಯ ಕಲ್ಮನ್ ಟ್ರೇಗರ್ ಗುರುವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಸಿನಗಾಗಿನ ಮೆಟ್ಟಿಲಿಳಿಯುತ್ತ ಒಂದು ಸುಳ್ಳು ಹೇಳಿದ್ದನ್ನು ಯಾರೂ ದೊಡ್ಡ ಅಪರಾಧವೆಂದು ಎಣಿಸುತ್ತಿರಲಿಲ್ಲ. ಕೇಳಿಸಿಕೊಂಡವರು ರೆಬ್ ಅನ್ಶೆಲ್ ಆಗಿದ್ದುದೇ ಎಡವಟ್ಟಾಯಿತು.

ಧರ್ಮಸುರುಳಿಗಳಲ್ಲಿ ತಪ್ಪು ಹುಡುಕುವುದು ರೆಬ್ ಅನ್ಶೆಲರ ಉದ್ಯೋಗ. ಚರ್ಮದ ಮೇಲೆ ಬರೆದ ಮೂರು ಲಕ್ಷ ಅಕ್ಷರಗಳಲ್ಲಿ ಒಂದರ ಕಾಲು ಪಕ್ಕದ್ದಕ್ಕೆ ಕೂದಲೆಳೆಯಷ್ಟು ತಗಲಿದರೂ ಅವರ ಭೂತಗನ್ನಡಿ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಮೂವತ್ತು ವರ್ಷ ಹಾಗೆ ಸುರುಳಿಗಳನ್ನು ಓದಿ ಓದಿ ಈಗ ಮನುಷ್ಯರನ್ನೂ ಹಾಗೆಯೇ ಓದುತ್ತಿದ್ದರು. ಮಗ ಯೆರಹ್ಮಿಯೆಲ್‌ಗೆ ಬಂದ ಮೂರು ಸಂಬಂಧ ಹೀಗೆ ಕಳಚಿಬಿದ್ದಿದ್ದವು. ಒಂದು ಮನೆಯ ಮೇಜು ಕುಂಟುತ್ತಿತ್ತು. ಇನ್ನೊಂದು ಮನೆಯಲ್ಲಿ ಹುಡುಗಿಯ ಅಪ್ಪ ಕೆಮ್ಮಿದ್ದು ಇವರಿಗೆ ನಿಜವಾದ ಕೆಮ್ಮು ಅನ್ನಿಸಲಿಲ್ಲ. ಮೂರನೆಯವರು ತಮ್ಮ ವಯಸ್ಸಿನಲ್ಲಿ ಎರಡು ವರ್ಷ ನುಂಗಿದ್ದರು. ನಾಲ್ಕನೆಯ ಸಂಬಂಧವೇ ಕಲ್ಮನ್‌ನ ಮಗಳು ತ್ಸಿರೆಲ್. ಅವಳು ಯೆರಹ್ಮಿಯೆಲ್ ಜೊತೆ ಎರಡು ಸಲ ಊರೆದುರೇ ವಾಕಿಂಗ್ ಹೋಗಿ ಬಂದಿದ್ದಳು. ಅಂದಿನಿಂದ ಪಾತ್ರೆ ತೊಳೆಯುವಾಗ ಹಾಡುತ್ತಿದ್ದಳು. ಪಾತ್ರೆ ತೊಳೆಯುವಾಗ ಹಾಡುವ ಹುಡುಗಿಯ ಅಪ್ಪ ಎಷ್ಟು ಹುಷಾರಾಗಿರಬೇಕು!

"ಬೇಕರಿ ಹಲ್ಲಾ ನಾನು ಬಾಯಿಗಿಡಲ್ಲ," ಎಂದರು ರೆಬ್ ಅನ್ಶೆಲ್. "ಅದು ರೊಟ್ಟಿ ಅಲ್ಲ ಟ್ರೇಗರ್ ಅವರೇ, ಗೋಡೆಯಿಂದ ಕಿತ್ತ ಕಲ್ಲು. ಸಬ್ಬತ್ ಮೇಜಿನ ಮೇಲೆ ಕಲ್ಲಿಟ್ಟುಕೊಂಡು ದೇವರಿಗೆ ಏನಂತ ಥ್ಯಾಂಕ್ಸ್ ಹೇಳೋದು? ನಿಮ್ಮನೇಲಿ ಹೇಗೆ?"

ಕಲ್ಮನ್‌ನ ಮನೆಗೆ ಇಪ್ಪತ್ಮೂರು ವರ್ಷದಿಂದ ಸಬ್ಬತ್ತಿನ ಜಡೆರೊಟ್ಟಿ ಹಲ್ಲಾದ ಹೆಸರಿನಲ್ಲಿ ಶುಕ್ರವಾರ ಶುಕ್ರವಾರ ಅಂಥ ಎರಡು ಕಲ್ಲು ಬರುತ್ತಿದ್ದವು. ಆದರೆ ಅವನ ನಾಲಿಗೆ ಅವನಿಗಿಂತ ಹತ್ತು ನಿಮಿಷ ಮುಂದೆ ಓಡುವ ಗಡಿಯಾರ.

"ನಮ್ಮನೇಲಾ? ಛೆ ಛೆ! ಬೇಕರಿ ಹಲ್ಲಾ ನಮ್ಮ ಹೊಸಿಲು ದಾಟಿಲ್ಲ. ನಾನೇ ಮಾಡ್ತೀನಿ."

"ನೀವು?"

"ನಾನೇ. ವಿಲ್ನಾದಲ್ಲಿ ನಮ್ಮಜ್ಜಿ ಕೈಯಿಂದ ಕಲಿತದ್ದು. ನೋಡೋಕೇ ಅಂತ ಜನ ಬರ್ತಿದ್ರು."

"ಹಾಗಾದ್ರೆ ನಾಳೆ ನಾವೂ ನೋಡೋಕೇ ಬರ್ತೀವಿ," ಎಂದರು ರೆಬ್ ಅನ್ಶೆಲ್. "ನಾನು, ನನ್ನ ಮಗ. ಹೆಣ್ಣಿನ ಮನೆಯ ಒಂದು ಊಟ ಬಾಕಿ ಇತ್ತಲ್ಲ."

ಹೆಂಡತಿ ಬ್ರೈಂಡಲ್ ಊರಲ್ಲಿರಲಿಲ್ಲ. ತಿಬೇರಿಯದ ಹತ್ತಿರದ ಹಳ್ಳಿಯಲ್ಲಿದ್ದ ತಂಗಿಗೆ ಹೆರಿಗೆಯಾಗಿತ್ತು. ಶುಕ್ರವಾರದ ಕೊನೆಯ ಬಸ್ಸಿಗೆ ಬರುವವಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು: "ಬೇಕರಿಯಿಂದ ಎರಡು ಹಲ್ಲಾ ತನ್ನಿ. ಬೇರೇನೂ ಮಾಡಬೇಡಿ ರೀ. ಬೇರೇನೂ ಅಂದ್ರೆ ಬೇರೇನೂ."

ಶುಕ್ರವಾರ ಬೆಳಕು ಹರಿಯುವಷ್ಟರಲ್ಲಿ ಕಲ್ಮನ್ ಅದೇ ಬೇರೇನನ್ನೋ ಮಾಡಲು ಅಂಗಿಯ ತೋಳು ಮಡಚಿದ್ದ.

"ಅಪ್ಪಾ, ಈಗಲೇ ಹೋಗಿ ನಿಜ ಹೇಳಿಬಿಡಿ," ಎಂದಳು ತ್ಸಿರೆಲ್, ಮೀನು ಹೆಚ್ಚುತ್ತ.

"ನಿಜ ಹೇಳೋಕೆ ಯಾವಾಗ ಬೇಕಾದ್ರೂ ಟೈಮಿರತ್ತೆ ಮಗಳೇ. ಹಿಟ್ಟು ಏಳೋಕೆ ಟೈಮಿಲ್ಲ."

ಡಬ್ಬಗಳನ್ನೆಲ್ಲ ತೆಗೆದು ನೋಡಲಾಗಿ ಮನೆಯಲ್ಲಿ ಇದ್ದದ್ದು ಹಿಟ್ಟು ಮತ್ತು ಉಪ್ಪು. ಹಿಟ್ಟಿನ ಬಣ್ಣ ಹಳೆಯ ಮಿಲಿಟರಿ ಕಂಬಳಿಯದು. ಮೊಟ್ಟೆ ಇಲ್ಲ, ಇರಲಿ, ಹಳದಿ ಬಣ್ಣ ತಾನೇ ಬೇಕಾದ್ದು ಎಂದು ಅರ್ಧ ಕುಂಬಳಕಾಯಿ ಬೇಯಿಸಿ ಕಿವುಚಿದ. ಸಕ್ಕರೆಗೆ ಬದಲಾಗಿ ಖರ್ಜೂರದ ಪಾಕ, ಯೀಸ್ಟಿಗೆ ಬದಲಾಗಿ ಹುಳಿಹಿಟ್ಟು. ಇವೆರಡನ್ನೂ ಅಂಗಳದಾಚೆಯ ಬಖ್ಮಲಮ್ಮ ಕೊಟ್ಟಳು. ಸಮರ್ಕಂದದಿಂದ ಬಂದ ಈ ಮುದುಕಿಗೆ ಅಂಗಳದ ಕಲ್ಲೊಲೆಯ ಮೇಲೆ ಎಷ್ಟು ಅಧಿಕಾರವಿತ್ತೋ ಅಂಗಳದ ಗಂಡಸರ ಮೇಲೂ ಅಷ್ಟೇ ಅಧಿಕಾರ.

"ಒಂದ್ ಮುಷ್ಟಿ ಹುಳಿ ಹಾಕಪಾ, ಸಾಕು. ಜಾಸ್ತಿ ಹಾಕ್ಬ್ಯಾಡ," ಎಂದಳು. "ನಮ್ಮವ್ವನ ಕಾಲದ್ದೈತಿ ಇದು. ಭಾಳ ಸಿಟ್ಟಿಂದು."

ಕಲ್ಮನ್ ಮುಂಜಾಗ್ರತೆಯ ಮನುಷ್ಯ. ಗಡಿಗೆಯನ್ನು ಪೂರ್ತಿ ಬೋರಲು ಹಾಕಿದ.

ಇನ್ನು ನೀರು. ಅದು ಒಂದು ದೊಡ್ಡ ಕಥೆ, ಆದರೆ ಚಿಕ್ಕದಾಗಿ ಹೇಳಬಹುದು. ಹಿಟ್ಟು ನಾದಲು ಬಟ್ಟೆ ಒಗೆಯುವ ತೊಟ್ಟಿಯನ್ನು ಆರಿಸಿಕೊಂಡಿದ್ದ ಕಲ್ಮನ್, ರೆಬ್ ಅನ್ಶೆಲರ ಭೂತಗನ್ನಡಿಯನ್ನು ನೆನೆದು ಅದನ್ನು ಒಂದು ಸಲವಲ್ಲ, ಮೂರು ಸಲ ತೊಳೆದ. ಮನೆಯಲ್ಲಿ ಹಿಡಿದಿಟ್ಟಿದ್ದ ನೀರಷ್ಟೂ ಚರಂಡಿ ಸೇರಿತು. ನಲ್ಲಿ ತಿರುಗಿಸಿದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸಬ್ಬತ್ತಿಗೆಂದು ಎಲ್ಲರೂ ಅಳೆದು ಇಟ್ಟುಕೊಂಡ ನೀರನ್ನು ಕೇಳಲು ನಾಚಿಕೆ. ಮೂಲೆಯಲ್ಲಿ ಒಂದು ಚೀಲ ಪೆಟ್ಟು ತಿಂದ ಕಿತ್ತಳೆ ಇತ್ತು. ಒಳ್ಳೆಯವೆಲ್ಲ ರಫ್ತಿನ ಹಡಗು ಹತ್ತಿ ಹೋಗಿ, ಊರವರಿಗೆ ಉಳಿದವು ಇಂಥವು.

"ರಸವೂ ನೀರೇ ತಾನೇ," ಎಂದು ಕಲ್ಮನ್ ತನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡು ನಲವತ್ತೊಂದು ಕಿತ್ತಳೆ ಹಿಂಡಿದ.

ಒಂಬತ್ತು ಗಂಟೆಗೆ ಹಿಟ್ಟಿನ ಮೇಲೆ ಹಲಗೆ ಮುಚ್ಚಿದ. ಹತ್ತಕ್ಕೆ ಹಲಗೆ ಮೆಲ್ಲನೆ ಮೇಲಕ್ಕೆ ಬಂತು. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ. ಹತ್ತೂವರೆಗೆ ಇಸ್ತ್ರಿಪೆಟ್ಟಿಗೆಯೂ ಮೇಲಕ್ಕೆ ಬಂತು. ತ್ಸಿರೆಲ್ ಚಾಕು ಕೆಳಗಿಟ್ಟು ನೋಡಿದಳು. ಬಖ್ಮಲಮ್ಮ ಬಾಗಿಲಿಗೆ ಬಂದು ನೋಡಿ ತನ್ನ ಭಾಷೆಯಲ್ಲಿ ಏನೋ ಗೊಣಗಿ ಮೂರು ಸಲ ಉಗುಳಿದಳು, ದೃಷ್ಟಿಯಾಗದಿರಲೆಂದು. ಹನ್ನೊಂದಕ್ಕೆ ಹಿಟ್ಟು ತೊಟ್ಟಿಯ ಅಂಚಿನ ಮೇಲೆ ಮೊಣಕೈಯೂರಿ, ಕಿಟಕಿಯಿಂದಾಚೆ ನೋಡುವ ದಪ್ಪ ಹೆಂಗಸಿನಂತೆ ನಿಂತುಬಿಟ್ಟಿತ್ತು.

"ಎಷ್ಟ್ ಹಾಕಿದ್ಯೋ ಹುಳಿ?"

"ಒಂದ್... ಮುಷ್ಟಿ."

"ಯಾರ ಮುಷ್ಟಿನಪಾ, ಆ ಪೈಲ್ವಾನ ಸಂಸೋನಂದೇನು?"

ಆದರೆ ನಿಜವಾದ ಸೋಜಿಗ ಆಮೇಲೆ ನಡೆಯಿತು. ಶಾಸ್ತ್ರದಂತೆ ಒಂದು ತುಂಡು ಕಿತ್ತು ಬೆಂಕಿಗೆ ಹಾಕಿ, ಉಳಿದದ್ದನ್ನು ಎರಡು ಪಾಲು ಮಾಡಿ, ಒಂದೊಂದನ್ನು ಆರಾರು ಎಳೆಯಾಗಿ ಹೊಸೆದು ಕಲ್ಮನ್ ಜಡೆ ಹೆಣೆಯಲು ಕೂತ. ಆ ಮನುಷ್ಯ ಹುಟ್ಟಿದಾರಭ್ಯ ಹಿಟ್ಟಿನ ಜಡೆ ಹೆಣೆದವನಲ್ಲ. ಆದರೆ ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಮೂವತ್ತು ವರ್ಷ ಸುರುಳಿ ಸುತ್ತಿದ ಬೆರಳುಗಳವು. ಮೊದಲನೆಯದು ಎರಡರ ಮೇಲೆ, ಐದನೆಯದು ಒಂದರ ಕೆಳಗೆ. ಒಂದು ಚಕ್ರ ತಿರುಗಿದರೆ ಮುಂದಿನದು ತಿರುಗಲೇಬೇಕು. ಹಳದಿ ಎಳೆಗಳು ಒಂದರೊಳಗೊಂದು ಸರಿದು ಕೂತವು. ಎಲ್ಲೂ ಒಂದು ಬಿರುಕಿಲ್ಲ, ಒಂದು ಗಂಟಿಲ್ಲ.

"ಅಪ್ಪಾ, ನಿಮಗೆ ಇದು ಬರುತ್ತಾ?" ತ್ಸಿರೆಲ್ ಪಿಸುಗುಟ್ಟಿದಳು.

"ನನಗೆ ಗೊತ್ತಿಲ್ಲಮ್ಮ. ಕೈಗೆ ಗೊತ್ತಿದ್ದ ಹಾಗಿದೆ. ಮಾತಾಡಿಸಬೇಡ, ಅದಕ್ಕೆ ಗಾಬರಿಯಾಗುತ್ತೆ."

ಎರಡು ಗಂಟೆಗೆ ಅಂಗಳದ ಒಲೆಯ ಬಾಯಿ ತೆರೆಯಿತು. ಒಂದೊಂದು ಹಲ್ಲಾ ತೊಟ್ಟಿಲ ಕೂಸಿನಷ್ಟು ಉದ್ದ. ಮೇಲ್ಮೈ ತಾಮ್ರ, ಎಳೆ ಬಿಟ್ಟ ಸಂದಿನಲ್ಲಿ ಬಂಗಾರ. ಕಿತ್ತಳೆಯ ಪರಿಮಳ ಬಟ್ಟೆ ಒಣಹಾಕಿದ ಹಗ್ಗದ ಕೆಳಗಿಂದ ಹೊರಟು ಎರಡನೆಯ ಮಹಡಿಯ ಕಿಟಕಿಗಳನ್ನೆಲ್ಲ ತಟ್ಟಿ ತೆರೆಸಿತು. ಜನ ಇಳಿದು ಬಂದರು. ಬಂದವರು ಸುತ್ತ ನಿಂತರು. ಗಂಡಸರೊಬ್ಬರು ತಮಗೇ ಗೊತ್ತಿಲ್ಲದೆ ಸಿಗರೇಟು ಆರಿಸಿದರು. ವರ್ಷದಿಂದ ಬೂದುಬಣ್ಣದ ರೊಟ್ಟಿ ತಿಂದು ಅಭ್ಯಾಸವಾದ ಕಣ್ಣುಗಳವು. ಬಂಗಾರವನ್ನು ದಿಟ್ಟಿಸಿ ನೋಡಲು ಅವಕ್ಕೆ ಧೈರ್ಯ ಸಾಲದು.

"ಎಷ್ಟ್ ಮೊಟ್ಟಿ ಹಾಕೀಯೋ?" ಬಖ್ಮಲಮ್ಮ ಮೆಲ್ಲಗೆ ಕೇಳಿದಳು.

ಇಲ್ಲಿ ಕಲ್ಮನ್ 'ಕುಂಬಳಕಾಯಿ' ಎಂಬ ಒಂದೇ ಶಬ್ದ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನಾವೆಲ್ಲ ಮನೆಗೆ ಹೋಗಬಹುದಿತ್ತು. ಅವನು ಮುಗುಳ್ನಕ್ಕ. ಗಡ್ಡ ನೀವಿಕೊಂಡ. "ಅದು ಮನೆತನದ ಗುಟ್ಟು," ಎಂದ.

ಗುಟ್ಟು ಎಂಬುದಕ್ಕೆ ಕಾಲು ಬರುವುದು ಆ ಹೆಸರಿಟ್ಟ ಮೇಲೆಯೇ. ಅಂಗಳದಲ್ಲಿ ಆರು ಮೊಟ್ಟೆ ಎಂದಿದ್ದು ಗೇಟಿನ ಹತ್ತಿರ ಹನ್ನೆರಡಾಯಿತು. ಮೀನಿನ ಅಂಗಡಿಯ ಕ್ಯೂನಲ್ಲಿ, "ಎರಡು ಡಜನ್ನಂತೆ, ಒಂದೊಂದಕ್ಕೆ!" "ಅಯ್ಯೋ, ಎಲ್ಲಿಂದ ತಂದ ಮಾರಾಯ?" "ಕೋಳಿ ಸಾಕಿದ್ದಾನೆ ರೀ, ಅಂಗಡಿಯೊಳಗೇ." "ಅಲ್ಲಿ ಜಾಗ ಎಲ್ಲಿದೆ?" "ದೊಡ್ಡ ಗೋಡೆ ಗಡಿಯಾರದ ಹೊಟ್ಟೇಲಿ! ಗಂಟೆ ಹೊಡೆಯೋದು ನಿಂತಿದೆ ಅಂತ ನಾನು ಆವತ್ತೇ ಅಂದಿರಲಿಲ್ವಾ?" ಮೂರು ಗಂಟೆಗೆ ಅರವತ್ತು ಮೊಟ್ಟೆಯ ಸುದ್ದಿ ಪಡಿತರ ಕಚೇರಿಯ ಮೆಟ್ಟಿಲು ಹತ್ತಿತು.

ಮೂರೂವರೆಗೆ ರೆಬ್ ಅನ್ಶೆಲ್ ಮಗನೊಂದಿಗೆ ಬಂದರು. ಬಂದವರೇ ಕೂರಲಿಲ್ಲ. ಭೂತಗನ್ನಡಿ ತೆಗೆದು ಹಲ್ಲಾದ ಮೇಲೆ ಬಾಗಿದರು. ಒಂದು ತುದಿಯಿಂದ ಹೊರಟು ಎಳೆ ಎಳೆ ಹಿಡಿದು ಇನ್ನೊಂದು ತುದಿಗೆ ಹೋದರು. ವಾಪಸ್ಸು ಬಂದರು. ತಿರುಗಿ ಹೋದರು. ಯೆರಹ್ಮಿಯೆಲ್ ತ್ಸಿರೆಲ್‌ಳನ್ನು ನೋಡದಿರಲು ಛಾವಣಿಯನ್ನು ನೋಡುತ್ತಿದ್ದ.

ರೆಬ್ ಅನ್ಶೆಲ್ ನೆಟ್ಟಗಾದರು. ಕನ್ನಡಕ ತೆಗೆದು ಒರೆಸಿಕೊಂಡರು. "ಇದರಲ್ಲಿ..." ಎಂದರು. ಮುಂದಿನ ಶಬ್ದಕ್ಕಾಗಿ ಅವರು ಹುಡುಕಾಡಿದ್ದು ನೋಡಿದರೆ ಮೂವತ್ತು ವರ್ಷದಲ್ಲಿ ಆ ಶಬ್ದವನ್ನು ಒಮ್ಮೆಯೂ ಬಳಸಿರಲಿಲ್ಲವೆಂದು ತೋರುತ್ತಿತ್ತು.

ಅಷ್ಟರಲ್ಲಿ ಬಾಗಿಲು ಬಡಿಯಿತು. ಕೈಚೀಲ, ಟೈ, ಕಿವಿಯ ಮೇಲೆ ಚೂಪು ಪೆನ್ಸಿಲ್. ಪಡಿತರ ತನಿಖಾಧಿಕಾರಿ ಡಾಕ್ಟರ್ ಲಿಲಿಯೆನ್‌ಬಾಮ್. ಬರ್ಲಿನ್ನಿನಿಂದ ಬಂದ ಈ ಮಹನೀಯರು ಭಾಷೆಯನ್ನು ಪುಸ್ತಕದಿಂದ ಕಲಿತು ಪುಸ್ತಕಕ್ಕೇ ಹಿಂತಿರುಗಿಸುವಂತೆ ಮಾತಾಡುತ್ತಿದ್ದರು.

"ನಮಸ್ಕಾರ. ತಮ್ಮ ವಶದಲ್ಲಿ ಅರವತ್ತು ಮೊಟ್ಟೆಗಳು ಅಕ್ರಮವಾಗಿ ಇದ್ದುವೆಂದೂ, ಈಗ ಅವು ಇಲ್ಲವೆಂದೂ, ಅದಕ್ಕೆ ಕಾರಣ ಈ ರೊಟ್ಟಿಯೆಂದೂ ದೂರು ಬಂದಿರುತ್ತದೆ. ಕೋಳಿಗಳನ್ನು ಹಾಜರುಪಡಿಸತಕ್ಕದ್ದು."

"ಕೋಳಿನಾ? ಸ್ವಾಮೀ, ನಮ್ಮನೇಲಿ ಕೋಳಿ ಸೂಪೇ ಬದನೆಕಾಯಲ್ಲಿ ಮಾಡಿದ್ದು!"

"ಹಾಗಾದರೆ ಹಳದಿ ವರ್ಣದ ಮೂಲವನ್ನು ವಿವರಿಸತಕ್ಕದ್ದು. ತಪ್ಪಿದಲ್ಲಿ ರೊಟ್ಟಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು."

ಬಾಗಿಲಲ್ಲಿ ಅಂಗಳವೇ ನೆರೆದಿತ್ತು. ಕಲ್ಮನ್ ಮಗಳ ಮುಖ ನೋಡಿದ. ಹಲ್ಲಾ ಹೋದರೆ ಊಟ ಹೋಯಿತು, ಊಟ ಹೋದರೆ ಸಂಬಂಧ ಹೋಯಿತು. ಬೇರೆ ದಾರಿ ಕಾಣದೆ ಬಾಯಿಬಿಟ್ಟ: "ಮೊಟ್ಟೆ ಒಂದೂ ಇಲ್ಲ ಸ್ವಾಮಿ. ಕುಂಬಳಕಾಯಿ. ಸಕ್ಕರೆ ಇಲ್ಲ, ಖರ್ಜೂರ. ಎಣ್ಣೆ ಹನಿ ಇಲ್ಲ. ನೀರೂ ಇಲ್ಲ, ಕಿತ್ತಳೆ ರಸ."

ಡಾಕ್ಟರ್ ಲಿಲಿಯೆನ್‌ಬಾಮ್ ಕಸದ ಬುಟ್ಟಿ ತರಿಸಿ ಕಿತ್ತಳೆ ಸಿಪ್ಪೆಗಳನ್ನು ಎಣಿಸಿದರು. ಕುಂಬಳಕಾಯಿ ಬೀಜ ಮೂಸಿದರು. ಬೀರುವಿನ ಗಡಿಯಾರಗಳ ಹೊಟ್ಟೆ ತೆರೆದು ಇಣುಕಿದರು. ಕೊನೆಗೆ, "ಮೊಟ್ಟೆ: ಸೊನ್ನೆ," ಎಂದು ಬರೆದರು. ಹಲ್ಲಾ ಉಳಿಯಿತು. ಅವರ ಬಸ್ಸು ಮಾತ್ರ ಆಗಲೇ ಹೊರಟುಹೋಗಿತ್ತು.

ಕಲ್ಮನ್ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಎರಡು ಕಡೆಯಿಂದ ಎರಡು ಬಾಣ ಬಂದವು.

"ವಿಲ್ನಾದಲ್ಲಿ ನಿಮ್ಮಜ್ಜಿಗೆ ಕಿತ್ತಳೆ ಎಲ್ಲಿ ಸಿಗ್ತಿತ್ತು, ಟ್ರೇಗರ್ ಅವರೇ?" ಇದು ರೆಬ್ ಅನ್ಶೆಲ್.

"ನೀರ ಹಾಕಿಲ್ಲಂದ್ರ ಇದು ರೊಟ್ಟಿನ ಅಲ್ಲಪಾ!" ಇದು ಬಖ್ಮಲಮ್ಮ. "ರಸದಾಗ ನಾದಿದ್ರ ಅದು ಕೇಕು. ಕೇಕಿಗೆ ರೊಟ್ಟಿ ಮಂತ್ರ ಹೇಳಾಕ ಬರಂಗಿಲ್ಲ. ರೊಟ್ಟಿ ಇಲ್ಲದ ಸಬ್ಬತ್ತಿನ ಊಟ ಹೆಂಗ ಮಾಡ್ತೀಯೋ?"

ಬೇಕರಿ ಬಾಗಿಲು ಹಾಕಿ ಒಂದು ಗಂಟೆಯಾಗಿತ್ತು. ಕಲ್ಮನ್‌ನ ಸ್ಥಿತಿ ನೋಡಿ: ಮೊಟ್ಟೆ ಇದ್ದಿದ್ದರೆ ಜೈಲು, ನೀರಿಲ್ಲದ್ದಕ್ಕೆ ಉಪವಾಸ. ಮಹಡಿಯ ಮೇಲಿದ್ದ ಧರ್ಮಗುರು ರಬ್ಬಿ ತಾನ್ಹುಮ್‌ರನ್ನು ಅರ್ಧ ಬಾಚಿದ ಗಡ್ಡದಲ್ಲೇ ಕರೆತಂದರು. ಅವರು ಮೂಸಿದರು, ಕಣ್ಣು ಮುಚ್ಚಿದರು, ರಾಗ ಎಳೆದರು.

"ಇದು ಕೇಕೋ? ಕೇಕೇ. ಹಾಗಾದ್ರೆ ರೊಟ್ಟಿ ಅಲ್ವೋ? ಯಾಕಲ್ಲ! ಒಂದು ಚೂರು ಬಾಯಿಗೆ ಹಾಕ್ಕೊಂಡ್ರೆ ಏನು? ಕೇಕು. ಅದನ್ನೇ ಊಟ ಅಂತ ಹೊಟ್ಟೆ ತುಂಬ ತಿಂದ್ರೆ? ಆಗ ಶಾಸ್ತ್ರ ಏನ್ ಹೇಳತ್ತೆ? ರೊಟ್ಟಿ ಅನ್ನತ್ತೆ! ಅಂದ್ಮೇಲೆ ರೊಟ್ಟಿ ಇರೋದೆಲ್ಲಿ? ಒಲೇಲಲ್ಲ, ಹೊಟ್ಟೇಲಿ!"

ಅಂಗಳ ಆಹಾ ಎಂದಿತು. ರೊಟ್ಟಿಯಾಗುವುದೂ ಬಿಡುವುದೂ ತಮ್ಮ ಹೊಟ್ಟೆಯ ಕೈಯಲ್ಲಿದೆಯೆಂಬ ಸಂಗತಿ ಆ ಬರಗಾಲದಲ್ಲಿ ಯಾರಿಗಾದರೂ ಮೈ ಜುಮ್ಮೆನ್ನಿಸುವಂಥದು.

"ಎಷ್ಟು ತಿನ್ನಬೇಕು, ರಬ್ಬಿ?" ಎಂದು ಕೇಳಿದರು ರೆಬ್ ಅನ್ಶೆಲ್. ಅವರು ಗುಬ್ಬಿಯಂತೆ ಊಟ ಮಾಡುವವರೆಂದು ಊರಿಗೇ ಗೊತ್ತು.

"ತಲೆಗೆ ನಾಲ್ಕು ಮೊಟ್ಟೆ ಗಾತ್ರ. ಕಡಿಮೆಯಾದ್ರೆ ಮಂತ್ರ ದಂಡ."

ಈಗ ಹೊಸ ತಕರಾರು ಹುಟ್ಟಿತು. ಮೊಟ್ಟೆಯ ಗಾತ್ರ ಎಷ್ಟಿರುತ್ತಿತ್ತು? ಒಬ್ಬರು ಮುಷ್ಟಿ ತೋರಿಸಿದರು. "ಅದು ಬಾತುಕೋಳಿದು!" ಇನ್ನೊಬ್ಬರು ಹೆಬ್ಬೆರಳು ತೋರಿಸಿದರು. "ಅದು ನಿಮ್ಮ ಮನೆ ಬಡತನ!" ಡಾಕ್ಟರ್ ಲಿಲಿಯೆನ್‌ಬಾಮ್ ಸರಕಾರಿ ಮೊಟ್ಟೆಯ ತೂಕ ಹೇಳಬಲ್ಲವರಾಗಿದ್ದರು, ಗಾತ್ರದ ಬಗ್ಗೆ ಸುತ್ತೋಲೆ ಬಂದಿರಲಿಲ್ಲ. ನಾಲ್ಕು ಮೊಟ್ಟೆಗಳನ್ನು ಒಟ್ಟಿಗೆ ಕಂಡ ಮನುಷ್ಯ ಆ ಬೀದಿಯಲ್ಲೇ ಇರಲಿಲ್ಲ.

ತ್ಸಿರೆಲ್ ದೀಪ ಹಚ್ಚಿದಳು. ಸಬ್ಬತ್ ಶುರುವಾಯಿತೆಂದು ಸೈರನ್ ಕೂಗಿತು. ಅದರ ಕೊನೆಯ ಊಳಿನ ಜೊತೆಗೇ ಏದುಸಿರು ಬಿಡುತ್ತ ಬ್ರೈಂಡಲ್ ಬಾಗಿಲಲ್ಲಿ ನಿಂತಳು, ಶಾಲಿನ ಕೆಳಗೆ ಬುಟ್ಟಿ ಹಿಡಿದು.

"ಏನ್ರೀ ಇದು, ಇಷ್ಟು ಜನ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲಮ್ಮ," ಎಂದರು ರಬ್ಬಿ. "ಮೊಟ್ಟೆ ಅಂದ್ರೆ ಎಷ್ಟು ದೊಡ್ಡದು ಅಂತ ಜನಕ್ಕೆ ಮರೆತುಹೋಗಿದೆ."

"ಅಷ್ಟೇನಾ!" ಬ್ರೈಂಡಲ್ ಬುಟ್ಟಿಯಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. "ತಂಗಿ ಕೊಟ್ಟಳು. ಹಳ್ಳಿ ಕೋಳೀದು. ಬಸ್ಸಿನಲ್ಲಿ ಮೂರು ಕಡೆ ಚೆಕ್ ಮಾಡಿದ್ರು, ಸಿಕ್ಕಿಬೀಳಲಿಲ್ಲ ನೋಡಿ!"

ನಾಲ್ಕು ಬಿಳಿ ಮೊಟ್ಟೆ. ಡಾಕ್ಟರ್ ಲಿಲಿಯೆನ್‌ಬಾಮ್‌ರ ಕೈ ಕಿವಿಯ ಮೇಲಿನ ಪೆನ್ಸಿಲಿನತ್ತ ಹೋಯಿತು. ಹಾದಿಯಲ್ಲೇ ನಿಂತಿತು. ಸೈರನ್ ಮುಗಿದಿತ್ತು; ನಾಳೆ ಸಂಜೆ ಮೂರು ನಕ್ಷತ್ರ ಕಾಣುವವರೆಗೆ ಒಂದು ಅಕ್ಷರ ಬರೆಯುವಂತಿಲ್ಲ. ಆ ಕೈ ಅಲ್ಲಿಗೆ ಬಂದ ತಪ್ಪಿಗೆ ಕಿವಿ ಕೆರೆದುಕೊಂಡು ಇಳಿಯಿತು.

"ಅಳತೆಯ ಸಾಧನಗಳೆಂದು ಪರಿಗಣಿಸಲಾಗಿದೆ," ಎಂದರು ಅವರು, ಗೋಡೆಗೆ.

ಗಂಡಸರು ಪ್ರಾರ್ಥನೆ ಮುಗಿಸಿ ಬಂದು, ಊಟಕ್ಕೆ ಉಳಿದ ನೆರೆಯವರೊಡನೆ ಮೇಜಿನ ಸುತ್ತ ನಿಂತರು. ದ್ರಾಕ್ಷಾರಸದ ಪ್ರಾರ್ಥನೆಯಾಯಿತು. ಅತಿಥಿಯೆಂದು ರೆಬ್ ಅನ್ಶೆಲರಿಗೇ ಮೊದಲು ಕೈ ತೊಳೆಯಲು ಬಖ್ಮಲಮ್ಮನ ಮನೆಯಿಂದ ಬಂದ ನೀರು ಕೊಟ್ಟರು. ತೊಳೆದು, ಒರೆಸಿಕೊಂಡು, ಕೂತರು. ಕೈ ತೊಳೆದ ಮೇಲೆ ರೊಟ್ಟಿ ಬಾಯಿಗಿಡುವ ತನಕ ಯಾರೂ ಮಾತಾಡುವಂತಿಲ್ಲ.

ಆ ಗಳಿಗೆಯನ್ನೇ ಇನ್ನೂ ಕೈ ತೊಳೆಯದ ಕಲ್ಮನ್ ಆರಿಸಿಕೊಂಡ. ಧೈರ್ಯದಿಂದಲೋ, ಎದುರುತ್ತರ ಬಾರದೆಂಬ ಲೆಕ್ಕದಿಂದಲೋ, ಹೇಳಲಾರೆ.

"ರೆಬ್ ಅನ್ಶೆಲ್," ಎಂದ. "ನಮ್ಮಜ್ಜಿ ಹಲ್ಲಾ ಮಾಡ್ತಿರಲಿಲ್ಲ. ಬೇಕರಿಯಿಂದ ತರ್ತಿದ್ದಳು. ನಾವೂ ಇಪ್ಪತ್ಮೂರು ವರ್ಷದಿಂದ ಬೇಕರಿಯಿಂದಲೇ. ಇವತ್ತೇ ಮೊದಲು. ಸುಳ್ಳು ನಂದು. ಮಗಳದಲ್ಲ. ಅವಳು ಬೆಳಗ್ಗೆಯೇ ನಿಜ ಹೇಳಿ ಅಂದಿದ್ದಳು."

ರೆಬ್ ಅನ್ಶೆಲರ ಹುಬ್ಬು ಮೇಲೇರಿತು. ಬಾಯಿ ತೆರೆಯಿತು. ತೊಳೆದ ಕೈ ನೆನಪಾಗಿ ಮುಚ್ಚಿತು. "ಉಂ," ಎಂದರು. "ಉಂ... ಉಂ!"

ಆ ಮೂರು ಹೂಂಕಾರಗಳ ಅರ್ಥ ಯಾರಿಗೂ ಆಗಲಿಲ್ಲ. ಉಳಿದ ಹನ್ನೊಂದು ಜನ ಒಬ್ಬೊಬ್ಬರಾಗಿ ಕೈ ತೊಳೆದರು. ಒಬ್ಬೊಬ್ಬರೂ ಒಂದೊಂದು ಯುಗ ತೆಗೆದುಕೊಂಡರು. ಡಾಕ್ಟರ್ ಲಿಲಿಯೆನ್‌ಬಾಮ್ ಬೆರಳೊಂದೊಂದನ್ನೂ ನಿಯಮಾನುಸಾರ ತೊಳೆದರು. ತ್ಸಿರೆಲ್ ಅಡುಗೆಮನೆಯ ಬಾಗಿಲಿಗೆ ಒರಗಿ ಸೌಟು ಹಿಡಿದು ನಿಂತಿದ್ದಳು. ಯೆರಹ್ಮಿಯೆಲ್ ಈ ಸಲ ಛಾವಣಿ ನೋಡದೆ ಅವಳನ್ನೇ ನೋಡುತ್ತಿದ್ದ.

ಕಲ್ಮನ್ ಎರಡೂ ಹಲ್ಲಾ ಎತ್ತಿ ಹಿಡಿದ. ಮಂತ್ರ ಹೇಳಿದ. ಕತ್ತರಿಸಿದ. ಗರಿಗರಿ ಮುರಿದ ಸದ್ದಿನ ಹಿಂದೆ ಕಿತ್ತಳೆಯ ಉಸಿರೊಂದು ಬಂತು; ಒಳಗೆಲ್ಲ ಹಳದಿ, ಹತ್ತಿಯಂತೆ ಎಳೆ ಎಳೆ. ಸಬ್ಬತ್ತಿನ ದಿನ ಅಳೆಯುವಂತಿಲ್ಲವಾದರೂ ವಿಧಿಗಾಗಿ ಅಳೆದರೆ ತಪ್ಪಿಲ್ಲವೆಂದು ರಬ್ಬಿ ಮೊದಲೇ ಹೇಳಿದ್ದರಿಂದ, ತುಂಡುಗಳನ್ನು ಮೊಟ್ಟೆಗಳ ಪಕ್ಕ ಇಟ್ಟು ನೋಡಿ ಹಂಚಲಾಯಿತು. ಉಪ್ಪಿಗೆ ಅದ್ದಿ ಎಲ್ಲರೂ ಬಾಯಿಗಿಟ್ಟರು.

ಈಗ ಮಾತಾಡಬಹುದಿತ್ತು. ಬಖ್ಮಲಮ್ಮ ಕಣ್ಣು ಮುಚ್ಚಿದ್ದಳು. ಬ್ರೈಂಡಲ್ ಗಂಡನನ್ನು ಬೇರೆ ಯಾರನ್ನೋ ನೋಡುವಂತೆ ನೋಡುತ್ತಿದ್ದಳು. ರೆಬ್ ಅನ್ಶೆಲ್ ಅಗಿದರು. ಮತ್ತೊಂದು ಚೂರು ಮುರಿದರು. ಮೊದಲ ಮೊಟ್ಟೆಯಷ್ಟಾಯಿತು, ಎರಡನೆಯದಾಯಿತು. ಗುಬ್ಬಿಯ ಕೊರಳಿನಲ್ಲಿ ಮೂರನೆಯದೂ ಇಳಿಯಿತು. ನಾಲ್ಕನೆಯದು ಮುಗಿದ ಮೇಲೆ ಅವರು ಕರವಸ್ತ್ರದಿಂದ ಮೀಸೆ ಒರೆಸಿಕೊಂಡರು. ಕಲ್ಮನ್ ಕುರ್ಚಿಯ ತುದಿಗೆ ಬಂದಿದ್ದ.

"ಸುರುಳೀಲಿ ತಪ್ಪು ಸಿಕ್ಕಿದ್ರೆ ನಾವೇನು ಅದನ್ನ ಹರಿದು ಹಾಕ್ತೀವಾ?" ಎಂದರು ರೆಬ್ ಅನ್ಶೆಲ್, ಯಾರನ್ನೂ ನೋಡದೆ. "ಇಲ್ಲ. ತಿದ್ದೋಕೆ ಮೂವತ್ತು ದಿನ ಗಡುವು. ತಪ್ಪು ಬರೆಯೋದಲ್ಲ ರೀ ದೋಷ, ಗಡುವು ದಾಟಿಸಿ ಇಟ್ಟುಕೊಳ್ಳೋದು ದೋಷ. ಒಂದೂವರೆ ದಿನದಲ್ಲಿ ತಾನಾಗೇ ತಿದ್ದಿಕೊಂಡವರನ್ನ ನಾನು ಇವತ್ತೇ ನೋಡಿದ್ದು."

ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಬೀಗರೇ..."

ಅಡುಗೆಮನೆಯ ಬಾಗಿಲಲ್ಲಿ ಸೌಟು ನೆಲಕ್ಕೆ ಬಿತ್ತು.

"...ಆ ತುದಿ ತುಂಡು ಇತ್ತ ಕೊಡಿ. ನಾಲ್ಕಾಯ್ತೋ ಇಲ್ವೋ ಅಂತ ನನಗೊಂದು ಸಣ್ಣ ಅನುಮಾನ."